ಗಂಡುಡುಗ, ಹೊಡೀತಾನೆ ಬುಡು

ಅಕ್ಕ ತಮ್ಮ ಇರುವ ಮನೆಯಿಂದ ಅಳು ಕೇಳಿಸಿದರೆ ನಾವು ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳು ಕಿತ್ತಾಡುತ್ತವೆ, ಆಮೇಲೆ ತಾವೇ ಒಂದಾಗುತ್ತವೆ ಎಂದುಕೊಂಡು ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ಗೌಡಗೆರೆ ಹೋಬಳಿಯ ಸರಸಮ್ಮನವರೂ ಹಾಗೆಯೇ ಅಂದುಕೊಂಡಿದ್ದರು.

ಸರಸಮ್ಮನವರ ಮಗ ಚೇತನ್ ಕುಮಾರ್ ಗೂಡ್ಸ್ ಆಟೋ ಓಡಿಸುತ್ತಾನೆ. ಸೊಸೆ ತೇಜಸ್ವಿನಿ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಎರಡು ಮಕ್ಕಳೂ ಅಜ್ಜಿಯ ಕೈಯಲ್ಲೇ ಬೆಳೆಯುತ್ತಿದ್ದವು. ದೊಡ್ಡವಳು ಹರ್ಷಿತಾ, ನಾಲ್ಕನೇ ತರಗತಿ. ಚಿಕ್ಕವನು ರಂಗೇಶ, ಐದು ವರ್ಷ, ಅಂಗನವಾಡಿಗೆ ಹೋಗುತ್ತಾನೆ. ಅವನಿಗೆ ತೀರಿಕೊಂಡ ತಾತನ ಹೆಸರಿಟ್ಟಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಸರಸಮ್ಮ ಮೊಮ್ಮಗನನ್ನು ‘ಯಜಮಾನ’ ಎಂದೇ ಕರೆಯುತ್ತಿದ್ದರು. ಯಜಮಾನನನ್ನು ಗದರುವುದು ಹೇಗೆ?

ರಂಗೇಶ ಕೇಳಿದ್ದು ಕೊಡದಿದ್ದರೆ ಅಕ್ಕನ ಜಡೆ ಹಿಡಿದು ಎಳೆಯುತ್ತಿದ್ದ. ಕೈಗೆ ಸಿಕ್ಕ ಲೋಟ ಬೀಸುತ್ತಿದ್ದ. ಕಚ್ಚುತ್ತಿದ್ದ. ಹರ್ಷಿತಾ ಅಳುತ್ತಾ ಬಂದು ಹೇಳಿದರೆ ಸರಸಮ್ಮನವರದು ಒಂದೇ ಮಾತು: “ಗಂಡುಡುಗ, ಹೊಡೀತಾನೆ ಬುಡು. ದೊಡ್ಡೋಳು ನೀನು, ಬಿಟ್ಕೊಡು.” ಮೊದಮೊದಲು ಅಜ್ಜಿ ಇದನ್ನು ನಗುತ್ತಲೇ ಹೇಳುತ್ತಿದ್ದರು. ಅವನು ನಗುವನ್ನು ನೋಡಿ ಇನ್ನೊಂದು ಏಟು ಕೊಡುತ್ತಿದ್ದ. ಬರುಬರುತ್ತಾ ಹರ್ಷಿತಾ ಬಂದು ಹೇಳುವುದನ್ನೇ ನಿಲ್ಲಿಸಿದಳು. ಮನೆಯವರು, ಹುಡುಗಿಗೆ ಬುದ್ಧಿ ಬಂತು, ಈಗ ಜಗಳ ಕಮ್ಮಿಯಾಗಿದೆ ಎಂದುಕೊಂಡರು.

ಕಡಲೆಕಾಯಿ ಕಿತ್ತು ಮನೆ ಮುಂದೆ ರಾಶಿ ಹಾಕಿದ್ದ ಸಮಯ. ಒಂದು ಭಾನುವಾರ ಹರ್ಷಿತಾ ಜಗಲಿಯ ಮೇಲೆ ಕೂತು ಶಾಲೆಗೆ ಜಿಲ್ಲೆಯ ನಕ್ಷೆ ಬರೆಯುತ್ತಿದ್ದಳು. ಶಿರಾ, ಮಧುಗಿರಿ, ಕೊರಟಗೆರೆ ಎಲ್ಲಕ್ಕೂ ಒಂದೊಂದು ಬಣ್ಣ. ನಕ್ಷೆಯಲ್ಲಿ ಬೇರೆಯಾಗಿ ದೂರ ನಿಂತ ಪಾವಗಡವನ್ನು ಸರಿಯಾಗಿ ಕೂರಿಸಲು ಮೂರು ಸಲ ಅಳಿಸಿ ಬರೆದಿದ್ದಳು. ರಂಗೇಶ ಸ್ಕೆಚ್ ಪೆನ್ ಕೇಳಿದ. ಅವಳು ಇನ್ನೊಂಚೂರು ಇದೆ, ಇರು ಅಂದಳು. ಅವನು ಕಾಯಲಿಲ್ಲ. ಚಾರ್ಟನ್ನು ಹಿಡಿದು ನಡುವಿಗೆ ಹರಿದುಬಿಟ್ಟ.

ಹರ್ಷಿತಾ ಎರಡೂ ಕೈಯಿಂದ ಅವನನ್ನು ತಳ್ಳಿದಳು. ಅವನು ಜಗಲಿಯಿಂದ ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ ಬಿದ್ದ. ಹಣೆ ಒಡೆದು ರಕ್ತ ಬಂತು. ಚೇತನ್ ಅವನನ್ನು ಎತ್ತಿಕೊಂಡು ಶಿರಾ ಆಸ್ಪತ್ರೆಗೆ ಓಡಿದ. ಮೂರು ಹೊಲಿಗೆ ಬಿದ್ದವು. ವಾಪಸ್ ಬಂದವನೇ ಹುಣಸೆ ಮರದಿಂದ ಬರಲು ಕೋಲು ಮುರಿದುಕೊಂಡು, ತಮ್ಮನ ಮೇಲೆ ಕೈ ಮಾಡುತ್ತೀಯಾ ಎಂದು ಮಗಳಿಗೆ ಬಾರಿಸಿದ. ಹರ್ಷಿತಾ ಅಳಲಿಲ್ಲ. ಹರಿದ ಚಾರ್ಟನ್ನು ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಳು.

ಮಾರನೆಯ ಬೆಳಿಗ್ಗೆ ತಾಯಿ ಜಡೆ ಹಾಕುವಾಗ ಅವಳು ತನ್ನನ್ನು ಹಾಸ್ಟೆಲ್‌ಗೆ ಹಾಕು ಎಂದು ಕೇಳಿದಳು. ತೇಜಸ್ವಿನಿ ನಕ್ಕು, ಹಾಸ್ಟೆಲ್‌ನಲ್ಲಿ ಏನು ಇಟ್ಟಿದ್ದಾರೆ ಅಂದಳು.

“ಅಲ್ಲಿ ಯಾರಾದ್ರೂ ಹೊಡೆದ್ರೆ ಮೇಡಂಗೆ ಹೇಳ್ಬೋದಂತೆ. ಇಲ್ಲಿ ನಾನು ಯಾರಿಗ್ ಹೇಳ್ಲಿ?”

ತೇಜಸ್ವಿನಿಯ ಕೈ ಜಡೆಯಲ್ಲೇ ನಿಂತಿತು. ವ್ಯಾನ್ ಹಾರ್ನ್ ಮಾಡುತ್ತಿತ್ತು. ಅವಳು ಓಡಿದಳು, ಆದರೆ ಆ ದಿನವೆಲ್ಲ ಮಿಷನ್ ಮುಂದೆ ಕೂತರೂ ಆ ಮಾತೇ ಕಿವಿಯಲ್ಲಿತ್ತು. ಊಟದ ಹೊತ್ತಿನಲ್ಲಿ ಅಂಗನವಾಡಿ ಟೀಚರ್ ಅಶ್ವತ್ಥಮ್ಮನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಶ್ವತ್ಥಮ್ಮನವರಿಗೂ ಹೇಳುವುದಿತ್ತು. ಹಿಂದಿನ ವಾರ ರಂಗೇಶ ಒಂದು ಹುಡುಗಿಯ ಕೆನ್ನೆಗೆ ಹೊಡೆದಿದ್ದ. ಯಾಕೆ ಹೊಡೆದೆ ಎಂದು ಕೇಳಿದರೆ, ನಾನು ಗಂಡುಡುಗ ಅಂದಿದ್ದ.

ಸಂಜೆ ಅಶ್ವತ್ಥಮ್ಮ ಸರಸಮ್ಮನವರ ಮನೆಗೆ ಬಂದರು. ಸರಸಮ್ಮನವರಿಗೆ ಎಡಗಿವಿ ಕೇಳಿಸದು, ಊರಿಗೆಲ್ಲ ಗೊತ್ತಿರುವ ವಿಷಯ. ಅಶ್ವತ್ಥಮ್ಮ ಅವರ ಬಲಗಡೆಗೆ ಕೂತು ತಾವೂ ಗಿಡದಿಂದ ಕಡಲೆಕಾಯಿ ಬಿಡಿಸತೊಡಗಿದರು. ವಿಷಯ ತೆಗೆದ ಕೂಡಲೆ ಸರಸಮ್ಮ ಮುಖ ಗಂಟು ಹಾಕಿಕೊಂಡರು. ಮಕ್ಕಳ ಜಗಳಕ್ಕೆಲ್ಲ ಟೀಚರು ಮನೆಗೆ ಬರಬೇಕಾ, ನಾವೆಲ್ಲ ಹೊಡೆದಾಡಿಕೊಂಡೇ ಬೆಳೆದೆವಲ್ಲ, ಈಗ ಏನಾಗಿದೆ ಎಂದರು.

ಅಶ್ವತ್ಥಮ್ಮ ಒಪ್ಪಿದರು. ಮಕ್ಕಳು ಜಗಳ ಆಡುವುದು ಸಹಜ, ಇವತ್ತು ಇವನು ಹೊಡೆದರೆ ನಾಳೆ ಅವಳು ಹೊಡೆಯುತ್ತಾಳೆ, ಒಂದೇ ಗಳಿಗೆಯಲ್ಲಿ ಮರೆತುಬಿಡುತ್ತಾರೆ ಎಂದರು. ಆಮೇಲೆ ಕೈಯಲ್ಲಿದ್ದ ಗಿಡ ಕೆಳಗಿಟ್ಟರು.

“ಆದ್ರೆ ದಿನಾ ಒಬ್ಬನೇ ಹೊಡೀತಾ, ದಿನಾ ಒಬ್ಬಳೇ ಹೊಡೆಸ್ಕೊತಾ ಇದ್ರೆ ಅದು ಜಗಳ ಅಲ್ಲ ಸರಸಕ್ಕ. ದೊಡ್ಡೋರು ಸುಮ್ನಿದ್ರೆ ಅವ್ನು ಹೊಡೆಯೋದು ಕಲೀತಾನೆ, ಅವ್ಳು ಹೇಳ್ದೆ ಇರೋದು ಕಲೀತಾಳೆ. ಎರಡೂ ಮಕ್ಳು ಕೆಡ್ತವೆ.”

ಸರಸಮ್ಮ ಎರಡು ಗಿಡ ಬಿಡಿಸಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

“ಈ ಕಿವಿ ಜ್ವರ ಬಂದು ಹೋಯ್ತು ಅಂತ ಎಲ್ರಿಗೂ ಹೇಳ್ಕೊಂಡು ಬಂದಿವ್ನಿ. ಜ್ವರ ಅಲ್ಲ ಕಣಮ್ಮ. ನಮ್ಮಣ್ಣ ಹೊಡೆದದ್ದು. ನಂಗೆ ಏಳು ವರ್ಷ. ನಮ್ಮವ್ವ ಯಾರ್ಗೂ ಹೇಳ್ಬ್ಯಾಡ ಅಂದ್ಲು, ಗಂಡುಡುಗ ಅಂದ್ಲು.”

ಅಣ್ಣ ಈಗಲೂ ಕೊರಟಗೆರೆಯಲ್ಲಿ ಇದ್ದಾನೆ, ಕರೆದರೆ ಮದುವೆ ಮುಂಜಿಗೆ ಹೋಗುತ್ತೇನೆ, ಆದರೆ ಅವನ ಪಕ್ಕ ಕೂತು ಊಟ ಮಾಡಿದ್ದು ನೆನಪಿಲ್ಲ ಎಂದರು. ಮದುವೆಯಾಗಿ ನಲವತ್ತು ವರ್ಷ ಬಾಳಿದ ಗಂಡನಿಗೂ ಈ ಮಾತು ಹೇಳಿರಲಿಲ್ಲ. ಕೆಲಸದಿಂದ ಮರಳಿ ಬಾಗಿಲಲ್ಲಿ ನಿಂತಿದ್ದ ತೇಜಸ್ವಿನಿ ಬಂದು ಅತ್ತೆಯ ಪಕ್ಕ ಕೂತಳು. ಸರಸಮ್ಮನವರೇ ಅಶ್ವತ್ಥಮ್ಮನ ಕಡೆ ತಿರುಗಿ, ಈಗ ಹೆಂಗೆ ಮಾಡೋದು ಹೇಳು ಎಂದು ಕೇಳಿದರು.

ಅಶ್ವತ್ಥಮ್ಮ ದೊಡ್ಡ ದೊಡ್ಡ ಮಾತು ಆಡಲಿಲ್ಲ. ರಂಗೇಶ ಕೆಟ್ಟವನಲ್ಲ, ಕೋಪ ಬಂದಾಗ ಏನು ಮಾಡಬೇಕೆಂದು ಐದು ವರ್ಷದ ಮಗುವಿಗೆ ಯಾರಾದರೂ ಕಲಿಸಬೇಕು ಎಂದರು. ಅವನು ಕೈ ಎತ್ತಿದ ಕೂಡಲೆ ನಡುವೆ ಹೋಗಿ ಆ ಕೈ ಹಿಡಿಯಿರಿ, ಕೂಗಾಡಬೇಡಿ, ‘ಕೋಪ ಬಂದ್ರೆ ಬಾಯಲ್ಲಿ ಹೇಳು, ಹೊಡೆಯೋಹಾಗಿಲ್ಲ’ ಎಂದು ಪ್ರತಿ ಸಲವೂ ಒಂದೇ ಮಾತು ಹೇಳಿ ಎಂದರು. ಹರ್ಷಿತಾ ಹೊಡೆದರೂ ಅದೇ ಮಾತು. ಮೊದಲು ಪೆಟ್ಟು ತಿಂದ ಮಗುವನ್ನು ನೋಡಿ, ಇಬ್ಬರೂ ತಣ್ಣಗಾದ ಮೇಲೆ ಒಬ್ಬೊಬ್ಬರ ಮಾತನ್ನೂ ಕೇಳಿ. ದೊಡ್ಡವಳು ಎಂದು ಯಾವಾಗಲೂ ಅವಳೇ ಬಿಟ್ಟುಕೊಡುವುದು ಬೇಡ, ಅವಳ ಸಾಮಾನಿಗೆ ಒಂದು ಗೋಡೆ ಗೂಡು ಕೊಡಿ, ಅದನ್ನು ಕೇಳದೆ ಯಾರೂ ಮುಟ್ಟಬಾರದು. ದಿನಕ್ಕೆ ಹತ್ತು ನಿಮಿಷವಾದರೂ ಒಂದೊಂದು ಮಗುವಿನ ಜೊತೆ ಬೇರೆಬೇರೆಯಾಗಿ ಕೂತು ಮಾತಾಡಿ. ಇಬ್ಬರೂ ಕೂಡಿ ಆಡಿದಾಗ ಅದನ್ನು ಕಂಡು ಮೆಚ್ಚಿ. ಕೊನೆಗೆ ಹುಣಸೆ ಬರಲಿನ ಮಾತು ಬಂತು. ಹೊಡೆಯಬೇಡ ಎಂದು ಹೊಡೆದೇ ಹೇಳಿದರೆ ಮಗು ಕಲಿಯುವುದು ಹೊಡೆತವನ್ನೇ ಎಂದರು.

ಇದೆಲ್ಲ ಒಂದೇ ದಿನಕ್ಕೆ ಆಗಲಿಲ್ಲ. ಮೊದಲ ಸಲ ಅಜ್ಜಿ ಕೈ ಹಿಡಿದಾಗ ರಂಗೇಶ ಅಜ್ಜಿಗೇ ಒದ್ದ, ಊರೆಲ್ಲ ಕೇಳುವಂತೆ ಕಿರುಚಿದ. ಸರಸಮ್ಮ ಬಿಡಲಿಲ್ಲ. ಚೇತನ್‌ಗೆ ಮಾತ್ರ ಇದು ಹುಡುಗಾಟವಾಗಿ ಕಂಡಿತು. ಎರಡು ಏಟು ಬಿಟ್ಟರೆ ತಾನೇ ದಾರಿಗೆ ಬರುತ್ತಾನೆ ಎಂದು ಒಂದು ಸಂಜೆ ರಂಗೇಶನ ಮೇಲೆ ಕೈ ಎತ್ತಿದ. ಸರಸಮ್ಮ ಎದ್ದು ಮಗನ ಕೈಯನ್ನೂ ಹಿಡಿದುಕೊಂಡರು.

“ಕೈ ಇಳ್ಸಲಾ. ಈ ಮನೇಲಿ ಇನ್ ಯಾರೂ ಹೊಡೆಯಂಗಿಲ್ಲ.”

ಆಮೇಲೆ ತಮ್ಮ ಕಿವಿಯ ವಿಷಯವನ್ನು ಮಗನಿಗೂ ಹೇಳಿದರು. ಚೇತನ್ ಮಾರನೆಯ ದಿನ ಶಿರಾದಿಂದ ಬರುವಾಗ ಒಂದು ಚಾರ್ಟ್ ತಂದ. ಮಗಳ ಪಕ್ಕ ಕೂತು, ಅವತ್ತು ನಿನ್ನ ಮಾತು ಕೇಳದೆ ಹೊಡೆದೆ, ತಪ್ಪಾಯಿತು ಕಣಮ್ಮ ಎಂದ. ಹರ್ಷಿತಾ ಚಾರ್ಟಿನ ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟು, ಗೆರೆ ಎಳೆಯುತ್ತೇನೆ, ಅಲ್ಲಾಡದ ಹಾಗೆ ಹಿಡಿದುಕೋ ಅಂದಳು.

ಈಗ ಎರಡು ತಿಂಗಳಾಯಿತು. ಆ ಮನೆಯಲ್ಲಿ ಜಗಳ ನಿಂತಿಲ್ಲ. ಟಿವಿ ರಿಮೋಟಿಗೆ, ಕಿಟಕಿ ಪಕ್ಕದ ಜಾಗಕ್ಕೆ, ದೋಸೆಯ ಮೊದಲ ತುಂಡಿಗೆ ಕೂಗಾಟ ಇದ್ದೇ ಇದೆ. ಆದರೆ ಮೊನ್ನೆ ರಂಗೇಶ ಅಕ್ಕನ ಮೇಲೆ ಕೈ ಎತ್ತಿದವನು ಹಾಗೆಯೇ ನಿಂತ. ಮುಖ ಕೆಂಪಾಗಿತ್ತು. ಅಜ್ಜಿಯ ಕಡೆ ತಿರುಗಿ, “ನಂಗೆ ಸ್ಯಾನೆ ಕೋಪ ಬಂದೈತೆ” ಅಂದ. ಸರಸಮ್ಮ, ಬಾ ಇಲ್ಲಿ, ಏನಾಯ್ತು ಹೇಳು ಎಂದು ಮಡಿಲಿಗೆ ಎಳೆದುಕೊಂಡರು. ಅವನ ಮಾತು ಮುಗಿದ ಮೇಲೆ ಹರ್ಷಿತಾಳನ್ನೂ ಕರೆದರು. ಅವಳು ತನ್ನ ಕಡೆಯ ಮಾತನ್ನು ಜೋರಾಗಿಯೇ, ಬೆರಳು ಮಡಿಸಿ ಎಣಿಸುತ್ತಾ ಹೇಳಿದಳು. ಒಳಗೆ ಅಡಿಗೆ ಮಾಡುತ್ತಿದ್ದ ತೇಜಸ್ವಿನಿಗೆ ಆ ದೂರು ಕೇಳಿ ಸಂತೋಷವಾಯಿತು. ಮಗಳಿಗೆ ಹೇಳಿಕೊಳ್ಳಲು ಮನೆಯಲ್ಲೇ ಜನ ಸಿಕ್ಕಿದ್ದರು.

ತಾಯಂದಿರೇ, ತಂದೆಯರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರೆ. ಮುಂದಿನ ಸಲ ಜಗಳವಾದಾಗ ಒಂದು ಗಳಿಗೆ ನಿಂತು ನೋಡಿ. ದಿನಾ ಹೊಡೆಯುವುದು ಒಂದೇ ಮಗುವೇ? ದಿನಾ ಬಿಟ್ಟುಕೊಡುವುದು ಒಂದೇ ಮಗುವೇ? ಹಾಗಿದ್ದರೆ ಇವತ್ತೇ ನಡುವೆ ಬನ್ನಿ. ಗಂಡಾಗಲಿ ಹೆಣ್ಣಾಗಲಿ, ಚಿಕ್ಕದಾಗಲಿ ದೊಡ್ಡದಾಗಲಿ, ಎಲ್ಲರಿಗೂ ಒಂದೇ ನಿಯಮ ಇರಲಿ. ಮಗುವಿಗೆ ಪದೇಪದೇ ಗಾಯವಾಗುತ್ತಿದ್ದರೆ, ಒಂದು ಮಗು ಇನ್ನೊಂದಕ್ಕೆ ಹೆದರಿ ಮೂಲೆ ಸೇರುತ್ತಿದ್ದರೆ ಮುಚ್ಚಿಡಬೇಡಿ. ನಿಮ್ಮ ಊರಿನ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಅಥವಾ ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿ. ನಿಮ್ಮ ಮಗು ಸುಮ್ಮನಿದೆ ಎಂದರೆ ಸುಖವಾಗಿದೆ ಎಂದುಕೊಳ್ಳಬೇಡಿ. ಹತ್ತಿರ ಕೂರಿಸಿಕೊಂಡು ಕೇಳಿ. ಕೇಳಿದ ಮೇಲೆ, ಅದು ಹೇಳಿದ್ದನ್ನು ನಂಬಿ.