ಕೆಳಗಿಳಿಯದ ಗೆರೆ

ಗೋಪಾಳದ ಶಿವಶಂಕರಪ್ಪ ಮೇಷ್ಟ್ರಿಗೆ ಹುಚ್ಚು ಹಿಡಿದಿದೆ ಎಂದು ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಕೇಳದಿದ್ದರೂ ಹೇಳುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮುಗಿಸಿ, ಸಂಜೆಯ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಹೊಳೆಯಾಚೆಯ ಸಣ್ಣ ಕಬ್ಬಿಣದ ಕಾರ್ಖಾನೆಯೊಂದರ ಕುಲುಮೆಯಡಿ ಗುಂಡಿಯಲ್ಲಿ ಕೂರುವವರನ್ನು ಜನ ಇನ್ನೇನನ್ನಬೇಕು ಹೇಳಿ!

ಅವರು ಹುಡುಕುತ್ತಿದ್ದದ್ದು ಒಂಟಿ ಧ್ರುವವನ್ನು. ಅಯಸ್ಕಾಂತವನ್ನು ಎಷ್ಟು ಸಲ ಮುರಿದರೂ ತುಂಡು ತುಂಡಿಗೂ ಉತ್ತರ, ದಕ್ಷಿಣ ಎರಡೂ ಇದ್ದೇ ಇರುತ್ತವೆ. ಒಂದೇ ಧ್ರುವದ ಕಣವೂ ಎಲ್ಲೋ ಇರಬೇಕು ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ಲೆಕ್ಕ ಹಾಕಿದ್ದರು. ಕಂಡವರು ಮಾತ್ರ ಯಾರೂ ಇಲ್ಲ. ಅಂಥದ್ದು ಅದಿರಿಗೆ ಅಂಟಿಕೊಂಡು ಯುಗಗಟ್ಟಲೆ ಕೂತಿರಬಹುದು, ಅದಿರು ಕೆಂಪಗೆ ಕಾದಾಗ ಹಿಡಿತ ತಪ್ಪಿ ಕೆಳಗೆ ಬೀಳಬಹುದು ಎಂದು ಮೇಷ್ಟ್ರು ನಂಬಿದ್ದರು. ಅದಕ್ಕೇ ಗುಂಡಿಯಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ತಾಮ್ರದ ತಂತಿಯ ಸುರುಳಿ, ಪಕ್ಕದಲ್ಲಿ ಹಗಲೂ ರಾತ್ರಿ ಕಾಗದದ ಮೇಲೆ ಗೆರೆ ಎಳೆಯುವ ಪೆನ್ನು. ಮಾಮೂಲಿ ಅಯಸ್ಕಾಂತ ಹತ್ತಿರ ಬಂದು ಹೋದರೆ ಪೆನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹಾರುತ್ತದೆ. ಒಂಟಿ ಧ್ರುವ ಹಾದರೆ ಒಂದೇ ಕಡೆಗೆ ಹಾರಿ ಸುಮ್ಮನಾಗುತ್ತದೆ.

ಕಾರ್ಖಾನೆಯಲ್ಲಿ ಅವರಿಗಿದ್ದ ಒಬ್ಬನೇ ಗೆಳೆಯ ಫಿಟ್ಟರ್ ಮಲ್ಲೇಶ. ಗುಜರಿ ಎತ್ತುವ ಅಯಸ್ಕಾಂತದ ಕ್ರೇನು ಅವನದು. ಅವನ ಸ್ಪ್ಯಾನರಿಗೂ ಕಾಂತಶಕ್ತಿ ಹತ್ತಿ ಸ್ಕ್ರೂಗಳು ತಾವಾಗಿ ಬಂದು ಅಂಟುತ್ತಿದ್ದವು. ಪೆಟ್ಟಿಗೆಯ ಹತ್ತಿರ ಕಬ್ಬಿಣ ತರಬೇಡ ಎಂದು ಮೇಷ್ಟ್ರು ಹೇಳಿದ್ದೇ ತಡ, ಬೆಲ್ಟನ್ನೂ ಬಿಚ್ಚಿಟ್ಟು ಗುಂಡಿಗೆ ಇಳಿಯುತ್ತಿದ್ದ. ಅಷ್ಟು ನಿಯತ್ತಿನ ಮನುಷ್ಯ.

ತೊಂಬತ್ತೊಂದರ ಆಯುಧಪೂಜೆಗೆ ಮೇಷ್ಟ್ರು ಊರಲ್ಲಿರಲಿಲ್ಲ. ವಿಜಯದಶಮಿಯ ಮಧ್ಯಾಹ್ನ ಬಂದು ನೋಡಿದರೆ ಬೆಳಿಗ್ಗೆಯಿಂದ ಕರೆಂಟಿಲ್ಲದೆ ಪೆನ್ನು ನಿಂತಿತ್ತು. ಆದರೆ ಹಿಂದಿನ ದಿನದ ಕಾಗದದಲ್ಲಿ ಒಂದು ಗೆರೆ ನೆಟ್ಟಗೆ ಮೇಲಕ್ಕೆ ಎದ್ದಿತ್ತು, ಕೆಳಕ್ಕೆ ಇಳಿದೇ ಇರಲಿಲ್ಲ! ಮೇಷ್ಟ್ರು ಕಾಗದವನ್ನು ಬೆಳಕಿಗೆ ಹಿಡಿದರು. ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ವಿಭೂತಿ, ಕುಂಕುಮ ಕಣ್ಣಿಗೆ ಬಿತ್ತು. "ಏನೋ ಇದು? ನನ್ನ ಪೆಟ್ಟಿಗೆ ಏನು ಬನಶಂಕರಿ ಗುಡೀನೇನೋ? ಇನ್ನೊಂದ್ಸಲ ಇದನ್ನ ಮುಟ್ಟಿದ್ರೆ ನೋಡು," ಎಂದು ಮಲ್ಲೇಶನ ಮೇಲೆ ಹರಿಹಾಯ್ದರು. ಅವನು ತಲೆತಗ್ಗಿಸಿ ಮೆಟ್ಟಿಲು ಹತ್ತಿ ಹೋದ. ಮುಂದಿನ ವರ್ಷಗಳಲ್ಲಿ ಹಬ್ಬದ ದಿನ ಗುಂಡಿಯ ಕಡೆಗೇ ಸುಳಿಯಲಿಲ್ಲ.

ಒಂದು ಗೆರೆ ತೋರಿಸಿದರೆ ಜಗತ್ತು ನಂಬುವುದಿಲ್ಲ. ಇನ್ನೊಂದು ಬೇಕು. ಅದಕ್ಕೆ ಕಾಯುತ್ತಾ ಕೂತರು. ಹೆಂಡತಿ ಬಸವರಾಜೇಶ್ವರಿ ಹೈಸ್ಕೂಲ್ ಟೀಚರು, ಅವರಿಗೆ ರಾಣೆಬೆನ್ನೂರಿಗೆ ವರ್ಗವಾಯಿತು. ಮೇಷ್ಟ್ರೂ ಆ ಕಡೆಗೆ ವರ್ಗ ಕೇಳಬಹುದಿತ್ತು, ಕೇಳಲಿಲ್ಲ. "ಒಂಟಿ ಧ್ರುವ ಹುಡುಕ್ತಾ ನೀವೇ ಒಂಟಿ ಆಗ್ತೀರಿ ನೋಡ್ರಿ," ಎಂದು ಆಕೆ ನಕ್ಕೇ ಹೇಳಿದ್ದರು. ಆಮೇಲಾಮೇಲೆ ನಗುವುದನ್ನು ಬಿಟ್ಟರು. ಒಂದು ದಸರೆಗೆ ಕಾಲೇಜಿಗೆ ಫೋನು ಮಾಡಿ, "ಕಾಮಾಲೆ ಆಗಿ ಆಸ್ಪತ್ರೆ ಸೇರೀನಿ, ಬಂದು ಹೋಗ್ರಿ," ಎಂದರು. ಮೊದಲ ಗೆರೆ ಬಂದದ್ದು ಆಯುಧಪೂಜೆಗೇ ಅಲ್ಲವೆ? ಹಬ್ಬ ಕಳೆಯಲಿ, ಬರ್ತೀನಿ ಎಂದರು ಮೇಷ್ಟ್ರು. ಹಬ್ಬ ಕಳೆಯಿತು. ಅವರು ಹೋಗುವಷ್ಟರಲ್ಲಿ ಆಕೆಯೂ ಇರಲಿಲ್ಲ.

ಅಂದಿನಿಂದ ಮೇಷ್ಟ್ರಿಗೆ ಉಳಿದದ್ದು ಆ ಒಂದೇ ಗೆರೆ. ಅದು ನಿಜವಾಗಿದ್ದರೆ ನಾನು ಯಾವುದಕ್ಕೋ ಕಾದೆ. ಅಲ್ಲವಾದರೆ, ಸಾಯುತ್ತಿದ್ದ ಹೆಂಡತಿಯನ್ನು ಬಿಟ್ಟು ಸುಮ್ಮನೆ ಗುಂಡಿಯಲ್ಲಿ ಕೂತೆ.

ಎರಡು ಸಾವಿರದ ಇಸವಿಗೆ ಕಾರ್ಖಾನೆ ಮುಚ್ಚುವ ಸುದ್ದಿ ಖಾತ್ರಿಯಾಯಿತು. ಕೊನೆಯ ಆಯುಧಪೂಜೆಯ ದಿನ ಮಲ್ಲೇಶ ಮಿಂದು ಮಡಿಯುಟ್ಟು, ತಟ್ಟೆ ಹಿಡಿದು ಗುಂಡಿಯ ಮೆಟ್ಟಿಲ ಮೇಲೆ ನಿಂತ.

"ಸಾರ್, ಇದೊಂದ್ಸಲ ಪೂಜೆ ಮಾಡ್ಲಾ? ಮುಂದಿನ ವರ್ಷ ನಾನೂ ಇರಲ್ಲ, ಪೆಟ್ಗೆನೂ ಇರಲ್ಲ."

ಮೇಷ್ಟ್ರಿಗೆ ಬೈಯುವ ತ್ರಾಣವೂ ಉಳಿದಿರಲಿಲ್ಲ. "ಮಾಡು ಮಾರಾಯ," ಎಂದು ಪೆನ್ನಿನ ಕಡೆಗೆ ತಿರುಗಿ ಕೂತರು.

ಹಿಂದೆ ಊದುಬತ್ತಿಯ ವಾಸನೆ ಬಂತು. ಅದರ ಬೆನ್ನಿಗೇ ಪೆನ್ನು ನೆಟ್ಟಗೆ ಮೇಲಕ್ಕೆ ಹಾರಿತು. ಹಾರಿ, ಮೊದಲಿನ ಗೆರೆಗೆ ಮರಳಿ ಸುಮ್ಮನಾಯಿತು. ಅದರಿಂದ ಕೆಳಕ್ಕೆ ಇಳಿಯಲಿಲ್ಲ.

"ಬಂತು! ಮಲ್ಲೇಶ, ಬಂತೋ!" ಮೇಷ್ಟ್ರು ಚೀರಿ ತಿರುಗಿದರು. ಪೆಟ್ಟಿಗೆಯ ಮುಚ್ಚಳದ ಮೇಲೆ ಮಲ್ಲೇಶನ ಸ್ಪ್ಯಾನರಿತ್ತು, ಮೂರು ಬೆರಳಿನ ವಿಭೂತಿ ಬಳಿದುಕೊಂಡು, ಒಂದು ಸೇವಂತಿಗೆ ಮುಡಿದುಕೊಂಡು.

ಮೇಷ್ಟ್ರು ಸ್ಪ್ಯಾನರಿನ ಕಡೆಗೆ ಬೆರಳು ತೋರಿಸಿದರು. "ಆವತ್ತೂ ಇದನ್ನ ಇಲ್ಲೇ ಇಟ್ಟಿದ್ಯಾ?"

"ಹೂಂ ಸಾರ್. ಪೂಜೆಗಿಟ್ಟಿದ್ದನ್ನ ಮಾರನೇ ದಿನದವರೆಗೂ ಎತ್ತಂಗಿಲ್ವಲ್ಲ, ಬೆಳಿಗ್ಗೆ ಬಂದು ತಗಂಡೆ."

"ಕಬ್ಬಿಣ ತರಬೇಡ ಅಂದಿದ್ನಲ್ಲೋ!"

"ಅಯ್ಯೋ, ಆಯುಧಾನ ಯಾರಾದ್ರೂ ಕಬ್ಬಿಣ ಅಂತಾರಾ ಸಾರ್? ಪೂಜೆಗಿಟ್ಟ ಮೇಲೆ ಅದು ದೇವ್ರಲ್ವಾ?"

ಮೇಷ್ಟ್ರು ಎದ್ದು ತಾವೇ ಸ್ಪ್ಯಾನರನ್ನು ಎತ್ತಿದರು. ಪೆನ್ನು ಕೆಳಕ್ಕೆ ಹಾರಿತು, ಮೇಲಕ್ಕೆ ಎಷ್ಟು ಹಾರಿತ್ತೋ ಹೆಚ್ಚುಕಡಿಮೆ ಅಷ್ಟೇ. ಆವತ್ತೂ ಮಾರನೇ ಬೆಳಿಗ್ಗೆ ಮಲ್ಲೇಶ ಎತ್ತುವಾಗ ಹಾರಬೇಕಿತ್ತು, ಕರೆಂಟಿರಲಿಲ್ಲ. ಅಷ್ಟೇ ಕಥೆ. ಅಷ್ಟಕ್ಕೇ ಬಸವರಾಜೇಶ್ವರಿ ಆಸ್ಪತ್ರೆಯ ಬಾಗಿಲು ನೋಡುತ್ತಾ ಮಲಗಿದ್ದಳು.

ಮಲ್ಲೇಶ ದಡ್ಡನಲ್ಲ. ಕಾಗದವನ್ನು ನೋಡಿದ, ಮೇಷ್ಟ್ರ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದ. "ಸಾರ್... ಹಂಗಾದ್ರೆ ಆವತ್ತಿಂದು... ನಾನಾ?"

ಬೈಯಬಹುದಿತ್ತು. ಇಷ್ಟು ವರ್ಷದ್ದೆಲ್ಲ ಸೇರಿಸಿ ಬೈಯಬಹುದಿತ್ತು. ಬೆಲ್ಟನ್ನೂ ಬಿಚ್ಚಿಟ್ಟು ಗುಂಡಿಗೆ ಇಳಿಯುತ್ತಿದ್ದ ಆ ಮನುಷ್ಯನನ್ನು ಮೇಷ್ಟ್ರು ನೋಡಿದರು.

"ಅಲ್ಲ ಕಣೋ," ಎಂದರು. "ಇವತ್ತಿಂದು ಸ್ಪ್ಯಾನರ್‌ದು. ಆವತ್ತಿಂದೇ ಬೇರೆ. ಅದು ನಿಜದ್ದು."

ಮಲ್ಲೇಶ ಎದೆ ಮುಟ್ಟಿಕೊಂಡು ಉಸಿರು ಬಿಟ್ಟ. "ಸದ್ಯ! ನನ್ನ ಜೀವಾನೇ ಹೋಗಿತ್ತು ಸಾರ್. ಹಂಗಾದ್ರೆ ಅಮ್ಮೋರನ್ನ ಬಿಟ್ಟು ನೀವಿಲ್ಲಿ ಕೂತಿದ್ದು ದಂಡ ಆಗ್ಲಿಲ್ಲ ಬಿಡಿ."

"ಇಲ್ಲ," ಎಂದರು ಮೇಷ್ಟ್ರು. "ದಂಡ ಆಗ್ಲಿಲ್ಲ."

ಸ್ಪ್ಯಾನರನ್ನು ಅವನ ಕೈಗಿತ್ತು, ಪೆನ್ನಿನ ಸ್ವಿಚ್ಚು ಆರಿಸಿದರು.