ಊದುಗೊಳವೆಯ ಬಾಯಿ

ಊದುಗೊಳವೆಯನ್ನು ಬಾಯಿಗಿಡುತ್ತಿದ್ದಂತೆ ಅವನ ಕೆಳತುಟಿ ಮತ್ತೆ ಸೀಳಿತು. ಅಯ್ಯೋ ಎನ್ನುವುದಕ್ಕೂ ಬಾಯಿಗೆ ಬಿಡುವಿರಲಿಲ್ಲ. ಕೊಳವೆಯ ಆಚೆ ತುದಿಯಲ್ಲಿ ಕರಗಿದ ಗಾಜು ಜೋತುಬಿದ್ದಿತ್ತು. ಊದದೆ ನಿಂತರೆ ಜಾರಿ ನೆಲ ಸೇರುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡೇ ಊದಿದ.

ದೊಡ್ಡ ಜಾಡಿ ಒಬ್ಬನ ಉಸಿರಿಗೆ ಜಗ್ಗುವಂಥದ್ದಲ್ಲ. ಕುತ್ತಿಗೆ ಎಬ್ಬಿಸುವ ಮೊದಲ ಉಸಿರು ಇವನದು, ಹೊಟ್ಟೆ ಉಬ್ಬಿಸುವುದು ಭಾವನದು. ಕೊಳವೆ ಬಾಯಿಂದ ಬಾಯಿಗೆ ದಾಟಬೇಕು, ನಡುವೆ ಒರೆಸುವ ಮಾತೇ ಇಲ್ಲ. ಒರೆಸುವಷ್ಟರಲ್ಲಿ ಗಾಜು ಬಿಗಿದುಕೊಳ್ಳುತ್ತದೆ; ಅದಕ್ಕಿಂತ ಹೆಚ್ಚಾಗಿ, ಒರೆಸಿದರೆ ಜೊತೆಗಾರನ ಮುಖಕ್ಕೆ ಉಗಿದ ಹಾಗೆ. "ನನ್ನ ಗಂಡನ ಎಂಜಲು ನನಗಿಂತ ಜಾಸ್ತಿ ತಿಂದೋನು ನೀನೇ ಕಣೋ" ಎಂದು ಅಕ್ಕ ನಗಾಡುತ್ತಿದ್ದಳು.

ಮಳೆಗಾಲದಲ್ಲಿ ಶುರುವಾದ ಹುಣ್ಣು ತುಟಿ, ಕೆನ್ನೆಯ ಒಳಗು, ನಾಲಿಗೆಯ ಅಂಚು ಯಾವುದನ್ನೂ ಬಿಟ್ಟಿರಲಿಲ್ಲ. ತಣ್ಣೀರು ಸೋಕಿದರೂ ಜೀವ ಹೋಗುತ್ತಿತ್ತು. "ಅಂಟುರೋಗ ಅಲ್ಲ. ಆದ್ರೆ ಕಾವಿನ ಹತ್ರ ಹೋಗ್ಬೇಡಿ, ಊದೋದು ಬಿಟ್ಟುಬಿಡಿ" ಎಂದಿದ್ದರು ಡಾಕ್ಟರಮ್ಮ. ಎರಡನೆಯ ಮಾತನ್ನು ಅವನು ಆಸ್ಪತ್ರೆಯ ಮೆಟ್ಟಿಲಲ್ಲೇ ಬಿಟ್ಟು ಬಂದ. ಮೊದಲನೆಯದನ್ನು ಕಾರ್ಖಾನೆಗೆಲ್ಲ ಸಾರಿದ. ಊದುವುದು ಬಿಟ್ಟರೆ ತಾನು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ.

ಈಗ ಕೊಳವೆಯ ಬಾಯಿಗೆ ರಕ್ತ ಮೆತ್ತಿತ್ತು. ಭಾವ ನೋಡಿದ. ನೋಡಿಯೂ ಬಾಯಿಗಿಟ್ಟು ಊದಿದ. ಜಾಡಿ ಹೊಟ್ಟೆ ತುಂಬಿಕೊಂಡು ದುಂಡಗೆ ನಿಂತಿತು. ಇವನಿಗೆ ಭಾವನ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು.

ಬಿಡುವಿನಲ್ಲಿ ಬಾಯಿ ಮುಕ್ಕಳಿಸಲು ಹಿತ್ತಲ ನಲ್ಲಿಗೆ ಹೋದರೆ, ಅಲ್ಲಿ ಭಾವ ಬಟ್ಟೆಸೋಪಿನಿಂದ ತುಟಿ ತಿಕ್ಕುತ್ತಿದ್ದ. ತಿಕ್ಕಿ ತಿಕ್ಕಿ ಉಗಿದ. ಗೋಡೆ ಹಿಡಿದು ವಾಂತಿ ಮಾಡಿಕೊಂಡ. ತಿರುಗಿ ಇವನನ್ನು ಕಂಡಾಗ ಭಾವನ ಮುಖ ಪೆಚ್ಚಾಯಿತು.

"ಅಂಟಲ್ಲ ಅಂದ್ರಲ್ಲ, ಭಾವ."

"ಗೊತ್ತು ಕಣೋ. ತಲೆಗೆ ಗೊತ್ತು. ಹೊಟ್ಟೆ ಕೇಳ್ಬೇಕಲ್ಲ."

"ದಿನಾ ಹಿಂಗೇನಾ?"

"ಬೇರೆಯವ್ನ ಜೊತೆ ಊದಲ್ಲ ಅಂತ ಮೇಸ್ತ್ರಿಗೆ ಹೇಳಿದೀನಿ. ಇನ್ನೇನ್ ಬೇಕು ನಿಂಗೆ?" ಭಾವ ಸಿಡುಕಿದ. ಸೋಪು ತಿಂದು ತಿಂದು ಅವನ ತುಟಿಯೂ ಬಿರಿದು ಕೆಂಪಾಗಿತ್ತು.

ಛೀ ಎಂದು ಕೊಳವೆ ಎಸೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಎಸೆದಿದ್ದರೆ ಜಗಳವಾಡಬಹುದಿತ್ತು, ಅಕ್ಕನ ಹತ್ತಿರ ದೂರಬಹುದಿತ್ತು. ಈ ಮನುಷ್ಯನನ್ನು ಏನೆಂದು ಬೈಯುವುದು? ಇವನು ನೆಟ್ಟಗೆ ಮೇಸ್ತ್ರಿಯ ಹತ್ತಿರ ಹೋದ.

"ನನ್ನನ್ನ ಪ್ಯಾಕಿಂಗಿಗೆ ಹಾಕಿಬಿಡಿ."

ಯಾಕೆ ಎಂದು ಮೇಸ್ತ್ರಿ ಬಾಯಿಮಾತಿಗೂ ಕೇಳಲಿಲ್ಲ. "ಒಳ್ಳೇದಾಯ್ತು ಬಿಡಪ್ಪಾ" ಎಂದ.

ಪ್ಯಾಕಿಂಗ್ ಶೆಡ್ಡಿನಲ್ಲಿ ಕೈ ಸುಟ್ಟುಕೊಂಡವರು, ಕಣ್ಣು ಮಂಜಾದವರು ಕೂತು ಜಾಡಿಗಳಿಗೆ ಹುಲ್ಲು ಸುತ್ತುತ್ತಿದ್ದರು. ಅವನಿಗೂ ಜಾಗ ಬಿಟ್ಟರು. ಮಾರನೆಯ ದಿನ ಆರಿ ಬಂದ ಜಾಡಿಗಳು ಇನ್ನೂ ಅವನು ಕುತ್ತಿಗೆ ಎಬ್ಬಿಸಿದವೇ. ಅವು ಸಂಜೆಯೊಳಗೆ ಮುಗಿದವು.

ಆಮೇಲೆ ಬಂದವುಗಳ ಹೊಟ್ಟೆ ಭಾವನದೇ, ಕುತ್ತಿಗೆ ಹೊಸ ಜೊತೆಗಾರನದು. ಮೊದಲನೆಯದರ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಅದನ್ನು ಕಂಡು ಅವನಿಗೆ ಒಂದು ಗಳಿಗೆ ಹಾಳು ಸಂತೋಷವಾಯಿತು. ಎರಡನೆಯದು ಅಷ್ಟಾಗಿ ವಾಲಿರಲಿಲ್ಲ. ಮೂರನೆಯದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದರ ಕುತ್ತಿಗೆಗೆ ಹುಲ್ಲು ಸುತ್ತಿ, ಪೆಟ್ಟಿಗೆಯೊಳಗೆ ಮಲಗಿಸಿದ.