ವಾಯ್ಸ್ ಹಾಕಬಾರದು

ಬ್ಯಾಡರಹಳ್ಳಿಯ ಆ ಬಡಾವಣೆಯಲ್ಲಿ ಜನ ದೇವರಿಗಿಂತ ಹೆಚ್ಚಾಗಿ ನೀರಿಗೆ ಕಾಯುತ್ತಾರೆ. ಯಾವ ಕ್ರಾಸಿಗೆ ಯಾವಾಗ ಬಿಡುತ್ತಾರೋ ತಿಳಿಯದೆ ಎಲ್ಲರೂ ಸಂಪಿನ ಮುಚ್ಚಳ ಎತ್ತಿ ಎತ್ತಿ ಇಣುಕುತ್ತಿದ್ದಾಗ, ಬ್ಲೌಸ್ ಹೊಲಿಯುವ ಮಾಲಾ ಒಂದು ವಾಟ್ಸಾಪ್ ಗ್ರೂಪ್ ಮಾಡಿದಳು. ನೀರು ಬಂದವರು ‘ಬಂತು’ ಎಂದು ಬರೆದು ಕ್ರಾಸಿನ ನಂಬರ್ ಹಾಕಬೇಕು, ಅಷ್ಟೇ. ಅಷ್ಟಕ್ಕೇ ಸುಮ್ಮನಿರುವ ಜನವೇ ನಮ್ಮದು? ಗುಡ್ ಮಾರ್ನಿಂಗ್ ಹೂಗಳು ಬಂದವು, ಸೈಟು ಮಾರುವವರು ಬಂದರು. ಒಬ್ಬ ರಿಟೈರ್ಡ್ ಮೇಷ್ಟ್ರು ದಿನಾ ಬೆಳಗ್ಗೆ ತಮ್ಮದೇ ಕಂಠದಲ್ಲಿ ಭಜನೆ ಹಾಡಿ ಕಳಿಸತೊಡಗಿದರು. ಇಬ್ಬರು ಗಂಡಸರು ಎಲೆಕ್ಷನ್ ವಿಷಯಕ್ಕೆ ವಾಯ್ಸ್ ಮೆಸೇಜಿನಲ್ಲೇ ಕಿವಿ ಮುಚ್ಚಿಕೊಳ್ಳುವಂತೆ ಬೈದಾಡಿದ ದಿನ ಮಾಲಾಳ ತಾಳ್ಮೆ ಮುಗಿಯಿತು.

ಅವತ್ತೇ ನಿಯಮ ಹಾಕಿದಳು. ನೀರಿನ ವಿಷಯ ಮಾತ್ರ. ಬರೆದೇ ಹಾಕಬೇಕು, ವಾಯ್ಸ್ ಹಾಕಬಾರದು. ಎರಡು ಸಲ ಎಚ್ಚರಿಕೆ, ಮೂರನೆಯ ಸಲಕ್ಕೆ ಗ್ರೂಪಿನಿಂದ ಹೊರಗೆ. ಮುನ್ನೂರು ಮನೆಯವರ ಬಾಯಿ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಗೆಳತಿ ಕುಸುಮಾ ನಕ್ಕಿದ್ದಳು. ಆದರೆ ಗ್ರೂಪು ನಿಜಕ್ಕೂ ನೆಟ್ಟಗಾಯಿತು. ತರಕಾರಿ ಗಾಡಿಯ ಹತ್ತಿರ ಸಿಕ್ಕವರೆಲ್ಲ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಮಾಲಾಳ ಹೆಬ್ಬೆರಳು ದಿನದಿಂದ ದಿನಕ್ಕೆ ಚುರುಕಾಯಿತು. ವಾಯ್ಸ್ ಕಂಡರೆ ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ, ಅಳಿಸಿಬಿಡುತ್ತಿದ್ದಳು.

ಅವತ್ತು ಬೆಳಗ್ಗೆ ಮದುವೆ ಮನೆಯ ಬ್ಲೌಸುಗಳಿಗೆ ಹುಕ್ ಹಾಕುತ್ತಿದ್ದಾಗ ಫೋನ್ ಟಿಂಗ್ ಎಂದಿತು. ಹೆಸರಿಲ್ಲದ, ಗುಲಾಬಿ ಹೂವಿನ ಫೋಟೋ ಇದ್ದ ಅದೇ ನಂಬರ್. ಮತ್ತೆ ವಾಯ್ಸ್. ಎರಡು ಸಲ ಇದೇ ನಂಬರಿಗೆ ‘ವಾಯ್ಸ್ ಹಾಕಬೇಡಿ’ ಎಂದು ಬರೆದು ಎಚ್ಚರಿಸಿದ್ದಳು.

“ಹೇಳಿದ್ರೆ ಅರ್ಥನೇ ಆಗಲ್ವಲ್ಲ ಇವ್ರಿಗೆ,” ಎಂದು ಗೊಣಗಿ ಮೆಸೇಜ್ ಅಳಿಸಿದಳು, ನಂಬರನ್ನೂ ತೆಗೆದುಹಾಕಿದಳು. ಸೂಜಿ ಮತ್ತೆ ಕೈಗೆ ಬಂತು. ಗ್ರೂಪಿನಲ್ಲಿ ನಾಲ್ಕಾರು ಹೆಬ್ಬೆರಳುಗಳು ಎದ್ದವು. ‘ಸರಿಯಾಗಿ ಮಾಡಿದ್ರಿ ಮೇಡಂ’ ಎಂದು ಒಬ್ಬರು ಬರೆದರು.

ಅಷ್ಟರಲ್ಲಿ ಕುಸುಮಾಳ ಫೋನ್.

“ಮಾಲಾ, ಆ ವಾಯ್ಸ್ ಕೇಳಿದ್ಯೇನೇ?”

“ಇಲ್ಲ ಕಣೇ, ತೆಗೆದುಬಿಟ್ಟೆ. ಯಾಕೆ?”

“ನಾನು ಆನ್ ಮಾಡಿದ್ದೆ. ಅರ್ಧ ಕೇಳೋಷ್ಟ್ರಲ್ಲಿ ಹೋಗ್ಬಿಡ್ತು. ಯಾರೋ ಹೆಂಗಸು ಬರ್ರೀ, ಜಲ್ದಿ ಬರ್ರೀ ಅಂತ ಕಿರುಚ್ತಿದ್ದಂಗಿತ್ತು ಕಣೇ.”

ಮಾಲಾ ಕೈಯಲ್ಲಿದ್ದ ಬ್ಲೌಸ್ ಬದಿಗೆಸೆದಳು. ಆ ನಂಬರಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ‘ಈ ನಂಬರ್ ಯಾರದು? ಅರ್ಜೆಂಟ್’ ಎಂದು ಗ್ರೂಪಿಗೆ ಹಾಕಿದರೆ, ‘ಯಾರಾದ್ರೇನು ಮೇಡಂ, ರೂಲ್ ಅಂದ್ರೆ ರೂಲ್’ ಎಂಬ ಉತ್ತರ ಬಂತು. ಇಂಥ ಜನರನ್ನು ತಾನೇ ತಯಾರು ಮಾಡಿದ್ದಲ್ಲವೇ ಎನಿಸಿ ಅವಳಿಗೆ ಮೈಯೆಲ್ಲ ಉರಿಯಿತು. ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಒಳಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ಅಳಿಸಿದ್ದನ್ನು ಮರಳಿ ತರುವ ಗುಂಡಿ ಎಲ್ಲೂ ಇರಲಿಲ್ಲ.

ಕೊನೆಗೆ ನೆನಪಾದವನು ಸಿದ್ದೇಶ್, ಕ್ರಾಸ್ ಕ್ರಾಸಿಗೂ ವಾಲ್ವ್ ತಿರುಗಿಸಿ ನೀರು ಬಿಡುವವನು. ಬಡಾವಣೆಯ ಅರ್ಧ ಜನರನ್ನು ಗ್ರೂಪಿಗೆ ಸೇರಿಸಿದವನು ಅವನೇ. ಅವನ ಫೋನಿಗೆ ನಂಬರ್ ಕಳಿಸಿ ಮಾತಾಡಿದಳು.

“ಅದು ಮುತ್ತವ್ವ ಅಲ್ವಾ ಮೇಡಂ? ಏಳನೇ ಕ್ರಾಸಲ್ಲಿ ಹೊಸ ಬಿಲ್ಡಿಂಗ್ ಏಳ್ತಾ ಇದ್ಯಲ್ಲ, ಅಲ್ಲಿನ ವಾಚ್‌ಮನ್ ರಾಚಪ್ಪನ ಹೆಂಡ್ತಿ. ಗದಗದ ಕಡೆಯವ್ರು. ನೀರು ಮೊದಲು ಅಲ್ಲಿಗೇ ಬರೋದು, ಅದಕ್ಕೇ ಸೇರಿಸ್ದೆ. ಪಾಪ, ಓದೋಕೆ ಬರಿಯೋಕೆ ಬರಲ್ಲ ಅವ್ರಿಗೆ.”

ಓದಲು ಬಾರದವಳಿಗೆ ಎರಡು ಸಲ ಬರೆದು ಎಚ್ಚರಿಸಿದ್ದಳು! ಮಾಲಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಪಕ್ಕದ ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಆ ಸದ್ದಿನಲ್ಲಿ ಯಾರ ಕೂಗು ಯಾರಿಗೆ ಕೇಳಬೇಕು? ಹೊಸ ಬಿಲ್ಡಿಂಗಿನ ತಗಡು ಸರಿಸಿ ಒಳಹೊಕ್ಕರೆ, ಮುತ್ತವ್ವ ಸಂಪಿನ ಬಾಯಿಗೆ ಬೋರಲು ಬಿದ್ದಿದ್ದಳು. ಎರಡು ಕೈಗಳೂ ಒಳಗೆ, ಗಂಡನ ಮುಂಗೈ ಹಿಡಿದು. ರಾಚಪ್ಪ ಕೆಸರು ತೆಗೆಯಲು ಇಳಿದಿದ್ದ. ಏಣಿ ಮುರಿದು ಬಿದ್ದು ಕಾಲು ಮುರಿದುಕೊಂಡಿದ್ದ. ಮೇಲಿನಿಂದ ಪೈಪಿನ ನೀರು ಸುರಿಯುತ್ತಲೇ ಇತ್ತು, ಅವನ ಗದ್ದ ಮುಟ್ಟಿತ್ತು. ಮರಳಿನ ಮೇಲೆ ಬಿದ್ದಿದ್ದ ಫೋನಿನಲ್ಲಿ ಮಾಲಾಳ ಮಿಸ್ಡ್ ಕಾಲ್‌ಗಳಿದ್ದವು. ಎತ್ತಬೇಕಾದರೆ ಅವಳು ಗಂಡನ ಕೈ ಬಿಡಬೇಕಿತ್ತು.

“ಸಿದ್ದೇಶ್, ಏಳನೇ ಕ್ರಾಸ್ ವಾಲ್ವ್ ಬಂದ್ ಮಾಡಿ, ಈಗಲೇ!” ಎಂದು ಫೋನಿಗೆ ಕಿರುಚಿದಳು ಮಾಲಾ. ಆಮೇಲೆ ಗ್ರೂಪು ತೆರೆದಳು. ಬರೆಯುತ್ತ ಕೂರಲು ಹೊತ್ತಿರಲಿಲ್ಲ. ಮೈಕಿನ ಗುರುತು ಒತ್ತಿಹಿಡಿದಳು.

“ಏಳನೇ ಕ್ರಾಸ್ ಹೊಸ ಬಿಲ್ಡಿಂಗ್! ಸಂಪಲ್ಲಿ ಮನುಷ್ಯ ಬಿದ್ದಿದಾರೆ! ಹಗ್ಗ, ಏಣಿ, ಏನಿದ್ರೂ ತಗೊಂಡು ಬನ್ನಿ. ದಯವಿಟ್ಟು ಬನ್ನಿ!”

ಕಳಿಸಿ, ಮುತ್ತವ್ವನ ಪಕ್ಕದಲ್ಲೇ ಬೋರಲು ಮಲಗಿ ರಾಚಪ್ಪನ ಇನ್ನೊಂದು ಕೈ ಹಿಡಿದಳು. ಭುಜ ಕಿತ್ತುಬರುವಂತಾಯಿತು. ಪೈಪಿನ ಸುರಿತ ಸಣ್ಣಗಾಗಿ ನಿಂತಿತು. ಮೊದಲು ಏಣಿ ಹೊತ್ತು ಏದುಸಿರು ಬಿಡುತ್ತ ಬಂದವರು ಭಜನೆಯ ಮೇಷ್ಟ್ರು. ಹಿಂದೆಯೇ ಕುಸುಮಾ, ಅವಳ ಹಿಂದೆ ‘ರೂಲ್ ಅಂದ್ರೆ ರೂಲ್’ ಎಂದಿದ್ದ ಮಹಾಶಯರು, ಕೈಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಿಡಿದು.

ರಾಚಪ್ಪನನ್ನು ಮೇಲೆತ್ತಿ ಆಟೋದಲ್ಲಿ ಮಲಗಿಸಿದರು. ಬಾಯಲ್ಲಿ ಮಾತಿತ್ತು, ಜೀವಕ್ಕೆ ಭಯವಿಲ್ಲ ಎಂದರು ಮೇಷ್ಟ್ರು. ಆಟೋ ಹತ್ತುವ ಮುಂಚೆ ಮುತ್ತವ್ವ ಒದ್ದೆ ಕೈಗಳಲ್ಲಿ ಮಾಲಾಳ ಕೈ ಹಿಡಿದುಕೊಂಡಳು.

“ಊರಿನ ನಂಬರ್ ಬಿಟ್ರ ನನ್ನ ಹಂತೇಲಿ ಇದೊಂದ ಗ್ರೂಪ್ ಇತ್ತರೀ ಅಕ್ಕಾರ. ನನ್ನ ಮಾತ ಕೇಳಿ ಓಡಿ ಬಂದ್ರಲ್ಲ, ನಿಮ್ಮ ಹೊಟ್ಟಿ ತಣ್ಣಗಿರ್ಲಿ.”

ಎಲ್ಲರೂ ನೋಡುತ್ತಿದ್ದರು. ಸುಮ್ಮನಿದ್ದರೆ ಆ ಹಾರೈಕೆ ತನ್ನದೇ ಆಗಿಬಿಡುತ್ತಿತ್ತು. ಮಾಲಾಳಿಗೆ ಅದನ್ನು ನುಂಗಲಾಗಲಿಲ್ಲ.

“ನಾನು ಕೇಳಲಿಲ್ಲ ಮುತ್ತವ್ವ. ಕೇಳದೇನೇ ಅಳಿಸಿಬಿಟ್ಟೆ. ನಿಮ್ಮನ್ನ ಗ್ರೂಪಿಂದಾನೂ ತೆಗೆದಿದ್ದೆ. ಆಮೇಲೆ ಹುಡುಕ್ಕೊಂಡು ಬಂದೆ.”

ಮುತ್ತವ್ವನ ಹಿಡಿತ ಸಡಿಲವಾಯಿತು. ಆಟೋ ಹತ್ತಿ, ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮಾಲಾಳಿಗೆ. ಕೇಳಬಾರದೆಂದುಕೊಂಡರೂ ಬಾಯಿ ತಡೆಯಲಿಲ್ಲ.

“ಮುಂಚೆ ಎರಡು ಸಲ ವಾಯ್ಸ್ ಹಾಕಿದ್ರಲ್ಲ ಮುತ್ತವ್ವ, ಅದರಲ್ಲಿ ಏನು ಹೇಳಿದ್ರಿ?”

ಮುತ್ತವ್ವ ಅಚ್ಚರಿಯಿಂದ ತಲೆಯೆತ್ತಿದಳು.

“ನೀರ ಬಂದೈತಿ, ಎಲ್ಲಾರೂ ಹಿಡ್ಕೋರಿ ಅಂದಿದ್ನಿರಿ. ನೀರಿನ ಗ್ರೂಪ್‌ನ್ಯಾಗ ಮತ್ತೇನ ಹೇಳ್ಲಿ ಅಕ್ಕಾರ?”